ಭೋಸರಿಯ ತಾಲೀಮು

ಪುಣೆಯಿಂದ ನಾಸಿಕದತ್ತ ಸಾಗುವ ಹೆದ್ದಾರಿಯು ಇಂದ್ರಾಯಣಿಯನ್ನು ದಾಟುವುದಕ್ಕೆ ಮುನ್ನವೇ ಎದುರಾಗುವ ಭೋಸರಿಯನ್ನು ಇಂದು ನೋಡುವವರಿಗೆ, ಲೇತುಗಳ ಮೊರೆತವೂ ಪ್ರೆಸ್ಸುಗಳ ಬಡಿತವೂ ಎಡೆಬಿಡದೆ ಕೇಳುವ ಈ ಪೇಟೆಯು ಭೈರವನಾಥನ ಜಾತ್ರೆಯನ್ನೂ ಆ ಜಾತ್ರೆಯ ಕುಸ್ತಿಯನ್ನೂ ವರ್ಷವೆಲ್ಲ ಎದುರುನೋಡುತ್ತಿದ್ದ ಒಕ್ಕಲುತನದ ಹಳ್ಳಿಯಾಗಿತ್ತೆಂಬುದು ಸುಲಭವಾಗಿ ಹೊಳೆಯದು. 1962ರಲ್ಲಿ ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮವು ಸ್ಥಾಪಿತವಾದ ತರುವಾಯ ಇಲ್ಲಿಯ ಹೊಲಗಳು ಕಾರ್ಖಾನೆಗಳ ನಿವೇಶನಗಳಾದುವು. 1970ರಲ್ಲಿ ಪಿಂಪರಿ, ಚಿಂಚವಡ, ಆಕುರ್ಡಿಗಳೊಡನೆ ಭೋಸರಿಯೂ ಒಂದೇ ಪುರಸಭೆಗೆ ಸೇರಿತು. 1982ರಲ್ಲಿ ಆ ಪುರಸಭೆಯೇ ಮಹಾನಗರಪಾಲಿಕೆಯಾಯಿತು. ಇಷ್ಟೆಲ್ಲ ಪರಿವರ್ತನೆಯ ನಡುವೆಯೂ ಉಳಿದುಬಂದದ್ದು ಕುಸ್ತಿಯ ಅಭಿಮಾನ. ಆ ಅಭಿಮಾನಕ್ಕೆ ಆಶ್ರಯವಾಗಿದ್ದ ತಾಲೀಮಿನ ಚರಿತ್ರೆಯನ್ನು ಕ್ರೀಡೆಯ ಅಧ್ಯಾಯಕ್ಕೆ ಸೇರಿಸಿ ಮುಗಿಸಿಬಿಡುವುದು ವಾಡಿಕೆ. ತಾರುಣ್ಯದ ಪೋಷಣೆಯ ಚರಿತ್ರೆಯಲ್ಲಿಯೇ ಅದಕ್ಕೆ ಸ್ಥಾನ ಸಲ್ಲಬೇಕೆಂದು ನನ್ನ ದೃಢವಾದ ನಂಬಿಕೆ.

ಮೈಸೂರಿನವರು ಗರಡಿಮನೆಯೆಂದೂ ಬೆಳಗಾವಿಯಿಂದ ಪುಣೆಯವರೆಗಿನ ಸೀಮೆಯವರು ತಾಲೀಮೆಂದೂ ಹೇಳುವ ಆ ತಗ್ಗು ಮಾಡಿನ ಕೋಣೆಯೊಳಗೆ ನಸುಕಿನಲ್ಲಿ ಕಾಲಿಟ್ಟವರಿಗೆ ಮೊದಲು ಮೂಗಿಗೆ ತಟ್ಟುವುದು ಮಣ್ಣಿನ ವಾಸನೆ. ಜಾಲಿಸಿದ ಕೆಮ್ಮಣ್ಣಿಗೆ ಮಜ್ಜಿಗೆ, ಎಣ್ಣೆ, ಅರಿಸಿನ, ನಿಂಬೆಯ ರಸಗಳನ್ನು ಬೆರೆಸಿ ಹದಗೊಳಿಸಿದ ಅಖಾಡವನ್ನು ಪ್ರತಿದಿನವೂ ಸಲಿಕೆಯಿಂದ ಅಗೆದು, ಹೆಂಟೆ ಒಡೆದು, ಸಮಮಾಡುವ ಕೆಲಸ ಹೊಸದಾಗಿ ಸೇರಿದ ಹುಡುಗರದು. ಹನುಮಂತನಿಗೆ ಕೈಮುಗಿದು ಲಂಗೋಟಿ ಬಿಗಿದವನು ಮೊದಲ ದಿನವೇ ಪಟ್ಟು ಹಿಡಿಯಲಾರ. ಮಣ್ಣು ಅಗೆಯುವುದರಿಂದ ದಂಡಬಸ್ಕಿಗಳಿಗೆ, ಅಲ್ಲಿಂದ ಗದೆಗೆ, ಅಲ್ಲಿಂದ ಹಿರಿಯನೊಬ್ಬನೊಡನೆ ಜೋಡಿಗೆ ಎಂದು ಅವನು ಮೆಟ್ಟಿಲುಮೆಟ್ಟಿಲಾಗಿ ಏರಬೇಕು. ಜೋಡಿ ಹಿಡಿದ ಹಿರಿಯನಾದರೋ ತನ್ನ ಬಲವನ್ನೆಲ್ಲ ಹೇರದೆ, ಕಿರಿಯನು ತಡೆಯಬಲ್ಲಷ್ಟನ್ನೇ ಅಳೆದು ಕೊಟ್ಟು, ಅವನು ತಪ್ಪಿಸಿಕೊಂಡಾಗ ಬೆನ್ನು ತಟ್ಟುತ್ತಾನೆ. ಮೂಲೆಯಲ್ಲಿ ಕುಳಿತು ಕಲಿಸುವ ವಸ್ತಾದರ ಕಣ್ಣು ಹುಡುಗನ ಕಾಲಿನ ನಿಲುವಿನ ಮೇಲೆ ಎಷ್ಟಿರುತ್ತದೆಯೋ ಅವನ ಊಟ, ನಿದ್ರೆ, ಸಹವಾಸಗಳ ಮೇಲೆಯೂ ಅಷ್ಟೇ ಇರುತ್ತದೆ.

ಈ ಕ್ರಮವು ಬಹು ಪ್ರಾಚೀನವಾದದ್ದು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 1130ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದಕ್ಕೇ ಮೀಸಲಾದ ಭಾಗವೊಂದಿದ್ದು, ಮಲ್ಲರ ದರ್ಜೆಗಳನ್ನೂ ಆಹಾರವನ್ನೂ ವ್ಯಾಯಾಮವನ್ನೂ ಅದು ವಿವರಿಸುತ್ತದೆ; ಇನ್ನೂ ಬೆಳೆಯುತ್ತಿರುವ ತರುಣರನ್ನು ಪಕ್ವಮಲ್ಲರಿಂದ ಬೇರ್ಪಡಿಸಿ ಎಣಿಸಿದ ಆ ಅರಸನ ವಿವೇಕವು ನನಗೆ ಅತ್ಯಂತ ಗೌರವಾರ್ಹವಾಗಿ ತೋರುತ್ತದೆ. ಪೇಶ್ವೆಗಳ ಕಾಲದಲ್ಲಿ ಪುಣೆಯೂ, ಶಾಹೂ ಮಹಾರಾಜರ ಕಾಲದಲ್ಲಿ ಕೊಲ್ಲಾಪುರವೂ ಈ ವಿದ್ಯೆಗೆ ಆಶ್ರಯವಿತ್ತುವು. ಶಾಹೂ ಮಹಾರಾಜರು ಕಟ್ಟಿಸಿದ ಖಾಸಬಾಗ್ ಮೈದಾನವು 1912ರಿಂದ ಇಂದಿನವರೆಗೂ ಗಡಿಯ ಈಚೆಯ ಕನ್ನಡ ಪೈಲ್ವಾನರಿಗೂ ಯಾತ್ರಾಸ್ಥಳವಾಗಿದೆ. ಕರಾಡದ ಸಮೀಪದ ಗೋಳೇಶ್ವರದ ಖಾಶಾಬಾ ಜಾಧವರು 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಕಂಚಿನ ಪದಕ ಗೆದ್ದ ಕಥೆಯು ಮನೆಮಾತಾಗಿದೆ. ಅವರ ಪ್ರಯಾಣದ ವೆಚ್ಚಕ್ಕಾಗಿ ರಾಜಾರಾಮ ಕಾಲೇಜಿನ ಪ್ರಾಚಾರ್ಯ ಖರ್ಡೇಕರರು ತಮ್ಮ ಮನೆಯನ್ನು ಒತ್ತೆಯಿಟ್ಟು 7,000 ರೂಪಾಯಿ ಒದಗಿಸಿದರೆಂಬ ಸಂಗತಿಯು ಅದಕ್ಕಿಂತ ಹೆಚ್ಚು ಸಲ ಹೇಳತಕ್ಕದ್ದು.

ಶಾಹೂ ಮಹಾರಾಜರ ಹೊತ್ತಿಗೇ ಪಾಶ್ಚಾತ್ಯರು ಹರೆಯವನ್ನು ಒಂದು ವ್ಯಾಧಿಯಂತೆ ಕಾಣತೊಡಗಿದ್ದರು. ಅಮೆರಿಕೆಯ ಸ್ಟಾನ್ಲಿ ಹಾಲ್ ಎಂಬ ಮನೋವಿಜ್ಞಾನಿ 1904ರಲ್ಲಿ ಪ್ರಕಟಿಸಿದ ಬೃಹದ್ಗ್ರಂಥದಲ್ಲಿ ಅದನ್ನು ಬಿರುಗಾಳಿಯ ಕಾಲವೆಂದು ವರ್ಣಿಸಿದ ಮೇಲೆ, ತರುಣರಿಂದ ಯಾವ ಕೆಡುಕು ಒದಗೀತು, ಅದನ್ನು ತಡೆಯುವುದೆಂತು ಎಂಬುದೇ ದೀರ್ಘಕಾಲ ವಿದ್ವಾಂಸರ ಪ್ರಶ್ನೆಯಾಯಿತು. ಆ ಪ್ರಶ್ನೆಯನ್ನು ತಿರುಗಿಸಿ, ಅವರಲ್ಲಿರುವ ಒಳಿತು ಯಾವುದರಿಂದ ಕುದುರುತ್ತದೆಂದು ಕೇಳಿದವರು ಶತಮಾನದ ಕಡೆಯ ಸಂಶೋಧಕರು. ಇಲಿನಾಯ್ ವಿಶ್ವವಿದ್ಯಾಲಯದ ರೀಡ್ ಲಾರ್ಸನ್ 2000ದಲ್ಲಿ ತೋರಿಸಿಕೊಟ್ಟಂತೆ, ತರಗತಿಯಲ್ಲಿ ಹುಡುಗರಿಗೆ ಏಕಾಗ್ರತೆ ಇರುತ್ತದೆ, ಉತ್ಸಾಹವಿರದು. ಗೆಳೆಯರೊಡನೆ ಉತ್ಸಾಹವಿರುತ್ತದೆ, ಏಕಾಗ್ರತೆಯಿರದು. ತಾವಾಗಿ ಆರಿಸಿಕೊಂಡ ಕ್ರಮಬದ್ಧ ಆಟ, ಕಲೆ, ಸಂಘಕಾರ್ಯಗಳಲ್ಲಿ ಮಾತ್ರ ಎರಡೂ ಕೂಡಿಬರುತ್ತವೆ. ಟಫ್ಟ್ಸ್ ವಿಶ್ವವಿದ್ಯಾಲಯದ ರಿಚರ್ಡ್ ಲರ್ನರ್ 2002ರಿಂದ ಹಲವು ವರ್ಷ, ಅಮೆರಿಕೆಯ 42 ಸಂಸ್ಥಾನಗಳ 7,000ಕ್ಕೂ ಮಿಕ್ಕ ಹರೆಯದವರನ್ನು ಅನುಸರಿಸಿ ನಡೆಸಿದ ಅಧ್ಯಯನದ ಬಲದಿಂದ, ಸಫಲವಾದ ಕಾರ್ಯಕ್ರಮಕ್ಕೆ ಮೂರು ಲಕ್ಷಣಗಳನ್ನು ಹೇಳಿದರು: ಕನಿಷ್ಠ ಒಂದು ವರ್ಷವಾದರೂ ಬಾಳುವ ಹಿರಿಯರೊಬ್ಬರ ಒಡನಾಟ, ಬದುಕಿಗೆ ಬೇಕಾದ ಕೌಶಲದ ಅಭ್ಯಾಸ, ಮುಂದಾಳಾಗುವ ಅವಕಾಶ. ವಸ್ತಾದರು, ಮೆಟ್ಟಿಲುಮೆಟ್ಟಿಲ ಸಾಧನೆ, ಕಿರಿಯನಿಗೆ ಕಲಿಸುವ ಹೊಣೆ ಇವು ಮೂರೂ ತಾಲೀಮಿನಲ್ಲಿದ್ದುವು.

ಆದರೆ ಆ ಮಣ್ಣಿಗೆ ಇಳಿಯುವ ಭಾಗ್ಯ ಯಾರಿಗಿತ್ತೆಂಬುದನ್ನು ಚರಿತ್ರಕಾರನು ಮರೆಯಬಾರದು. ಹೆಣ್ಣುಮಕ್ಕಳಿಗೆ ತಾಲೀಮಿನ ಬಾಗಿಲು ಮುಚ್ಚಿತ್ತು. ಅವರನ್ನೂ ಕವಾಯತಿಗೂ ಸೇವೆಗೂ ಕರೆತಂದ ಕೀರ್ತಿಯಲ್ಲಿ ಕನ್ನಡನಾಡಿಗೆ ದೊಡ್ಡ ಪಾಲಿದೆ. ಧಾರವಾಡದಲ್ಲಿ ಹುಟ್ಟಿ ಅಮೆರಿಕೆಯಲ್ಲಿ ಓದಿ ಬಂದ ಡಾಕ್ಟರ್ ನಾ. ಸು. ಹರ್ಡೀಕರರು 1923ರಲ್ಲಿ ಕಟ್ಟಿ, ಹುಬ್ಬಳ್ಳಿಯಿಂದ ನಡೆಸಿದ ಹಿಂದುಸ್ತಾನೀ ಸೇವಾದಳದಲ್ಲಿ ಸ್ತ್ರೀವಿಭಾಗದ ಹೊಣೆಯನ್ನು ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರು ಹೊತ್ತರು. ಕುಸ್ತಿಯಾದರೋ ಬಹಳ ತಡಮಾಡಿತು: 1961ರಲ್ಲಿ ಆರಂಭವಾದ ಮಹಾರಾಷ್ಟ್ರ ಕೇಸರಿ ಪ್ರಶಸ್ತಿಗೆ ಸಮನಾದ ಮಹಿಳೆಯರ ಸ್ಪರ್ಧೆಯು ಸಾಂಗಲಿಯಲ್ಲಿ ನಡೆದದ್ದು 2023ರಲ್ಲಿ.

ಭೋಸರಿಯಲ್ಲಿ ಇಂದು ಮಹಾನಗರಪಾಲಿಕೆಯೇ ಕಟ್ಟಿಸಿದ ಕುಸ್ತಿ ಕೇಂದ್ರವಿದೆ. ಮಣ್ಣಿನ ಜೊತೆಗೆ ಮ್ಯಾಟೂ ಬಂದಿದೆ. ಈ ಕೈಗಾರಿಕಾ ಪ್ರದೇಶಕ್ಕೆ ಕಲಬುರಗಿ, ವಿಜಯಪುರ, ಬೀದರಗಳ ಕಡೆಯಿಂದಲೂ ಕೂಲಿಗಾಗಿ ಸಂಸಾರಗಳು ಬರುತ್ತವೆ. ಕಟ್ಟಡದ ಕೆಲಸ ಮುಗಿದೊಡನೆ ಶೆಡ್ಡು ಬದಲಿಸಬೇಕಾದ ಆ ಮನೆಗಳ ಮಕ್ಕಳಿಗೆ, ಹಿರಿಯರೊಬ್ಬರ ಒಡನಾಟ ವರ್ಷಕಾಲ ನಿಲ್ಲಬೇಕೆಂದು ಲರ್ನರ್ ಹೇಳಿದ ಆ ಮೊದಲ ಲಕ್ಷಣವೇ ಎಲ್ಲಕ್ಕಿಂತ ದುರ್ಲಭವಾದದ್ದು. ಮಾಡಿಗೂ ಮ್ಯಾಟಿಗೂ ಹಣ ತೆಗೆದಿಡುವ ನಗರವು ಈ ಮಕ್ಕಳಿರುವ ವಸತಿಗಳಿಗೆ ನಡೆದು ಹೋಗಿ ಕಲಿಸುವ ವಸ್ತಾದರ ಸಂಬಳಕ್ಕೂ ಅದೇ ಲೆಕ್ಕದಲ್ಲಿ ಒಂದು ಸಾಲು ಬರೆಯಬೇಕು, ಮತ್ತು ಆ ಸಾಲನ್ನು ವರುಷ ವರುಷವೂ ಅಳಿಸದೆ ಉಳಿಸಬೇಕು.