ಡೊಂಕು ಬೆನ್ನಿನ ದೊರೆ

ಮಂಥರೆ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಗೂನುಬೆನ್ನು. ಮೈ ಡೊಂಕಾದವರ ಮನಸ್ಸೂ ಡೊಂಕೆಂಬ ಎಣಿಕೆ ಇಂಗ್ಲೆಂಡಿನಲ್ಲೂ ಇತ್ತು. ಅಲ್ಲಿ ಅದಕ್ಕೆ ಗುರಿಯಾದವನು ದೊರೆ ಮೂರನೆಯ ರಿಚರ್ಡ್.

1485ರ ಆಗಸ್ಟ್ 22ರಂದು ಬಾಸ್ವರ್ತ್ ಕಾಳಗದಲ್ಲಿ ಮಡಿದಾಗ ಅವನಿಗೆ 32 ವರ್ಷ. ಗೆದ್ದ ಹೆನ್ರಿ ಟ್ಯೂಡರ್ ಪಟ್ಟವೇರಿದ. ಸೋತವನ ಚರಿತ್ರೆ ಗೆದ್ದವರ ಕಾಲದಲ್ಲಿ ಬರೆಯಲ್ಪಟ್ಟಿತು. ರಿಚರ್ಡನಿಗೆ ಗೂನಿತ್ತು, ಎಡಭುಜ ಎತ್ತರವಿತ್ತು, ಕೈಯೊಂದು ಸೊರಗಿತ್ತು ಎಂದು ಥಾಮಸ್ ಮೋರ್ ಬರೆದ. ರಿಚರ್ಡ್ ಸತ್ತಾಗ ಈ ಮೋರ್ ಏಳು ವರ್ಷದ ಹುಡುಗ! 1590ರ ದಶಕದಲ್ಲಿ ಷೇಕ್ಸ್‌ಪಿಯರ್ ಅದೇ ರೂಪವನ್ನು ರಂಗಕ್ಕೆ ತಂದ. ಅರಮನೆಯ ಸಂಗ್ರಹದಲ್ಲಿದ್ದ ಚಿತ್ರವೊಂದರಲ್ಲಿ ದೊರೆಯ ಭುಜವನ್ನು ಆಮೇಲೆ ಬಣ್ಣ ಬಳಿದು ಎತ್ತರಿಸಿದ್ದರೆಂದು ಎಕ್ಸ್-ರೇ ಹೇಳಿತು.

ಹಾಗಾದರೆ ಎಲ್ಲವೂ ಕಟ್ಟುಕತೆಯೇ? 2012ರಲ್ಲಿ ಲೆಸ್ಟರ್ ನಗರದ ಕಾರು ನಿಲ್ದಾಣವೊಂದರ ನೆಲದಡಿ ಅವನ ಅಸ್ಥಿಪಂಜರ ಸಿಕ್ಕಿತು. ಅವನ ಅಕ್ಕನ ಹೆಣ್ಣುಸಂತತಿಯ ಕುಡಿಗಳ ಡಿಎನ್‌ಎಯೊಂದಿಗೆ ಅದು ತಾಳೆಯಾಯಿತು. ಬೆನ್ನೆಲುಬು ನಿಜಕ್ಕೂ ಡೊಂಕಾಗಿತ್ತು. ಆದರೆ ಅದು ಗೂನಲ್ಲ. ಗೂನಿನಲ್ಲಿ ಬೆನ್ನು ಹಿಂದಕ್ಕೆ ಉಬ್ಬುತ್ತದೆ; ಇವನದು ತಿರುಚಿಕೊಂಡು ಪಕ್ಕಕ್ಕೆ ಬಾಗಿತ್ತು. ವೈದ್ಯರು ಇದನ್ನು ಸ್ಕೋಲಿಯೋಸಿಸ್ ಎನ್ನುತ್ತಾರೆ. ಹತ್ತು ವರ್ಷ ದಾಟಿದ ಮೇಲೆ ಶುರುವಾದದ್ದಂತೆ. ಎತ್ತರವಿದ್ದದ್ದು ಬಲಭುಜ. ಕೈ ಸೊರಗಿದ ಗುರುತೇ ಇರಲಿಲ್ಲ. ಎಲುಬಿನ ಮೇಲೆ ಮಾತ್ರ ಸಾಯುವ ಹೊತ್ತಿನ 11 ಗಾಯಗಳಿದ್ದವು, ಅದರಲ್ಲಿ ಒಂಬತ್ತು ತಲೆಗೆ. ಡೊಂಕು ಬೆನ್ನು ಅವನನ್ನು ರಣರಂಗದಿಂದ ದೂರವಿಟ್ಟಿರಲಿಲ್ಲ.

ರಿಚರ್ಡ್ ಸಾಧುವೆಂದು ನಾನು ವಾದಿಸುತ್ತಿಲ್ಲ. ಅವನ ವಶದಲ್ಲಿದ್ದ ಅಣ್ಣನ ಇಬ್ಬರು ಗಂಡುಮಕ್ಕಳು 1483ರಲ್ಲಿ ಲಂಡನ್ನಿನ ಕೋಟೆಯಿಂದ ಕಣ್ಮರೆಯಾದರು. ಅದಕ್ಕೆ ಅವನು ಉತ್ತರ ಹೇಳಬೇಕು. ಅವನ ಬೆನ್ನು ಏಕೆ ಹೇಳಬೇಕು?

ಈ ಪ್ರಶ್ನೆ ನಮ್ಮ ಮನೆಗಳಿಗೂ ಸೇರಿದ್ದು. ಬಾಗು ತೀವ್ರವಾಗುವುದು ಹದಿಹರೆಯದ ಹೆಣ್ಣುಮಕ್ಕಳಲ್ಲೇ ಹೆಚ್ಚು. ಬಹುತೇಕರಲ್ಲಿ ಕಾರಣವೇ ತಿಳಿಯದು. ಕುಳಿತ ಭಂಗಿಯ ತಪ್ಪಂತೂ ಅಲ್ಲ. ಮದುವೆಗೆ ತೊಡಕಾದೀತೆಂದು ಮಗಳ ಏರುಭುಜವನ್ನು ಸೆರಗಿನಲ್ಲಿ ಮುಚ್ಚಿಸುವ ತಾಯಂದಿರನ್ನು ಕಂಡಿದ್ದೇನೆ. ಬೆಳೆಯುವ ವಯಸ್ಸಿನಲ್ಲೇ ಗುರುತಿಸಿದರೆ ಎಷ್ಟೋ ಸಲ ಪಟ್ಟಿ ಕಟ್ಟಿ ಬಾಗು ಹೆಚ್ಚದಂತೆ ತಡೆಯಬಹುದು. ಮಗು ಮುಂದಕ್ಕೆ ಬಗ್ಗಿದಾಗ ಬೆನ್ನಿನ ಒಂದು ಪಕ್ಕ ಉಬ್ಬಿ ಕಂಡರೆ, "ನೆಟ್ಟಗೆ ನಿಲ್ಲೇ" ಎಂದು ಗದರದೆ ಮೂಳೆ ವೈದ್ಯರಲ್ಲಿಗೆ ಕರೆದೊಯ್ಯಿರಿ.