ಬೆರಳಿನ ಮಸಿಯೂ ಸರಕಿನ ಮಾರ್ಕಾವೂ

ಇತಿಹಾಸವೆಂದರೆ ಅರಸರ ವಂಶಾವಳಿ, ಕಾಳಗ, ಶಾಸನ ಎಂದೇ ನಾವೆಲ್ಲ ಶಾಲೆಯಲ್ಲಿ ಕಲಿತು ಬಂದವರು. ಬೆಳಿಗ್ಗೆ ಎದ್ದು ಮುಖ ತೊಳೆಯುವ ಸಾಬೂನಿಗೂ ಒಂದು ಇತಿಹಾಸವುಂಟು, ಅದರ ಮೇಲಿನ ಮುದ್ರೆಗೆ ಇನ್ನೊಂದು ಇತಿಹಾಸವುಂಟು ಎಂದರೆ ನಗುವವರೇ ಹೆಚ್ಚು. ಬಿ.ಕಾಂ. ಮುಗಿಸಿ ನಾಸಿಕದ ಒಂದು ಬ್ಯಾಂಕಿನಲ್ಲಿ ಗುಮಾಸ್ತನಾಗಿರುವ ನನಗೆ ಅರಸರ ಸುದ್ದಿ ಅಷ್ಟಾಗಿ ತಿಳಿಯದು. ಆದರೆ ಸಾಬೂನು ಮಾರುವವರು, ಹಪ್ಪಳ ಮಾರುವವರು, ಯಂತ್ರದ ಬಿಡಿಭಾಗ ಮಾಡುವವರು ನಿತ್ಯವೂ ನನ್ನ ಮೇಜಿನ ಎದುರು ಬಂದು ನಿಲ್ಲುತ್ತಾರೆ. ಅವರಿಂದಾಗಿ ಈ ಸಣ್ಣ ಇತಿಹಾಸದಲ್ಲಿ ನನಗೆ ಆಸಕ್ತಿ ಹುಟ್ಟಿತು. ರಾಜ್ಯೋತ್ಸವದ ಈ ಸಂಚಿಕೆಯಲ್ಲಿ ಅದರ ಎರಡು ಮಾತನ್ನು ವಾಚಕರ ಮುಂದಿಡುತ್ತೇನೆ.

2016ನೆಯ ಇಸವಿಯ ನವೆಂಬರ್ ತಿಂಗಳು ಯಾರಿಗೆ ಮರೆತೀತು? 8ನೆಯ ತಾರೀಖಿನ ರಾತ್ರಿ 500 ಮತ್ತು 1000 ರೂಪಾಯಿಗಳ ನೋಟು ರದ್ದಾದುವು. ಮರುವಾರ, ಒಬ್ಬರೇ ಮತ್ತೆ ಮತ್ತೆ ಬಂದು ನೋಟು ಬದಲಾಯಿಸದಂತೆ ಬಲಗೈ ತೋರುಬೆರಳಿಗೆ ಅಳಿಸದ ಮಸಿ ಹಚ್ಚಬೇಕೆಂದು ಅಪ್ಪಣೆಯಾಯಿತು. ಆ ಕೆಲಸ ನನ್ನ ಪಾಲಿಗೆ ಬಂತು. ಸಾಲಿನಲ್ಲಿ ನಿಂತಿದ್ದ ಒಬ್ಬ ವೃದ್ಧರು ನನ್ನ ಹೆಸರಿನ ಫಲಕ ನೋಡಿ ಕನ್ನಡದಲ್ಲಿಯೇ, "ಹಚ್ಚು ತಮ್ಮಾ, ಹಚ್ಚು. ಇದು ನಮ್ಮ ಮೈಸೂರಿನ ಮಸಿ. ಊರಿಂದ ಕುಂಕುಮ ಬಂದೈತಿ ಅಂತ ತಿಳ್ಕೋತೀನಿ" ಎಂದರು. ಅಂದು ನಕ್ಕು ಸುಮ್ಮನಾದೆ. ಮನೆಗೆ ಬಂದ ಮೇಲೆ ಆ ಮಾತು ಮನಸ್ಸಿನಲ್ಲಿಯೇ ಉಳಿಯಿತು. ನಮ್ಮ ನಾಸಿಕ ರೋಡಿನಲ್ಲಿ 1928ರಿಂದ ನೋಟು ಅಚ್ಚಾಗುತ್ತ ಬಂದಿದೆ. ನೋಟು ಅಚ್ಚಾಗುವ ಊರಿನ ಜನರ ಬೆರಳಿಗೆ ಮೈಸೂರಿನ ಮಸಿ! ಇದು ಹೇಗೆ ಕೂಡಿಬಂತೆಂದು ವಿಚಾರಿಸತೊಡಗಿದೆ.

ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಅರಗು ಮತ್ತು ಬಣ್ಣದ ಒಂದು ಕಾರ್ಖಾನೆ ಹುಟ್ಟಿತು. ಕಾಡಿನ ಅರಗನ್ನು ಹದಮಾಡಿ ಮಾರುವುದು ಅದರ ಮೊದಲ ಉದ್ದೇಶ. ಇಂದು ಅದು ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಎಂಬ ಸರ್ಕಾರಿ ಸಂಸ್ಥೆ. ಒಬ್ಬರೇ ಎರಡು ಸಲ ಮತ ಹಾಕುವುದನ್ನು ತಡೆಯಲು ಬೇಕಾದ ಮಸಿಯ ಸೂತ್ರವನ್ನು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ವಿಜ್ಞಾನಿಗಳು ಸಿದ್ಧಪಡಿಸಿದರು. ರಾಷ್ಟ್ರೀಯ ಸಂಶೋಧನಾ ಅಭಿವೃದ್ಧಿ ನಿಗಮದ ಮೂಲಕ ಅದನ್ನು ತಯಾರಿಸುವ ಪರವಾನಗಿ ಮೈಸೂರಿನ ಕಾರ್ಖಾನೆಗೆ ದೊರೆಯಿತು. 1962ರ ಮೂರನೆಯ ಮಹಾಚುನಾವಣೆಯಲ್ಲಿ ಈ ಮಸಿ ಮತದಾರರ ಬೆರಳಿಗೆ ಬಂತು.

ಮಸಿಯ ಗುಣವೇನೆಂದರೆ, ಅದರಲ್ಲಿ ಸಿಲ್ವರ್ ನೈಟ್ರೇಟ್ ಎಂಬ ಬೆಳ್ಳಿಯ ಲವಣವಿದೆ. ಅದು ಚರ್ಮದ ಮೇಲಿನ ಉಪ್ಪಿನೊಡನೆ ಕೂಡಿ ನೀರಿನಲ್ಲಿ ಕರಗದ ಇನ್ನೊಂದು ವಸ್ತುವಾಗುತ್ತದೆ. ಬೆಳಕು ತಾಗಿದಂತೆ ಕಪ್ಪಾಗುತ್ತದೆ. ಸಾಬೂನು, ಎಣ್ಣೆ ಯಾವುದಕ್ಕೂ ಜಗ್ಗುವುದಿಲ್ಲ. ಉಗುರು ಬೆಳೆದು ಮುಂದೆ ಸರಿದಾಗಲೇ ಗುರುತು ಹೋಗತಕ್ಕದ್ದು. ಬೆಳ್ಳಿಯ ಲವಣ ಕಪ್ಪಾಗುವುದು ರಸಾಯನಶಾಸ್ತ್ರ ಓದಿದವರಿಗೆಲ್ಲ ಗೊತ್ತು. ಆದರೆ ಮಸಿಯಲ್ಲಿ ಮತ್ತೇನೇನು ಎಷ್ಟೆಷ್ಟು ಬೆರೆಯುತ್ತದೆ ಎಂಬ ಪೂರ್ಣ ಸೂತ್ರವನ್ನು ಹೊರಗೆ ಬಿಟ್ಟುಕೊಟ್ಟಿಲ್ಲ. ಅದು ಹೊರಬಿದ್ದರೆ ಅಳಿಸುವ ಉಪಾಯವೂ ಹೊರಬೀಳಬಹುದಲ್ಲವೇ?

ಹೊಸದೊಂದನ್ನು ಕಂಡುಹಿಡಿದವನು ಅದನ್ನು ಕಾಪಾಡಿಕೊಳ್ಳಲು ಇದು ಒಂದು ದಾರಿ: ಗುಟ್ಟಾಗಿಡುವುದು. ನಮ್ಮ ಹಳ್ಳಿಯ ನಾಟಿವೈದ್ಯರು ಮಾಡುತ್ತಿದ್ದುದೂ ಇದನ್ನೇ. ಅದರ ಕೇಡೆಂದರೆ, ಗುಟ್ಟು ಬಲ್ಲವನು ಕಣ್ಣು ಮುಚ್ಚಿದರೆ ವಿದ್ಯೆಯೂ ಅವನ ಜೊತೆಗೆ ಹೋಗುತ್ತದೆ. ಎರಡನೆಯ ದಾರಿ ಪೇಟೆಂಟಿನದು. ಅದು ಸರ್ಕಾರದೊಡನೆ ಮಾಡಿಕೊಂಡ ಒಂದು ಕರಾರು. "ನನ್ನ ಯುಕ್ತಿಯನ್ನು ಪೂರ್ತಿಯಾಗಿ ಬರೆದುಕೊಡುತ್ತೇನೆ, ಇಷ್ಟು ವರ್ಷ ಬೇರೆಯವರು ಅದನ್ನು ಬಳಸದಂತೆ ನೋಡಿಕೊಳ್ಳಿ" ಎಂದು ಅವನು ಕೇಳುತ್ತಾನೆ. ಅವಧಿ ಮುಗಿದ ಮೇಲೆ ಆ ಯುಕ್ತಿ ಎಲ್ಲರ ಸೊತ್ತು.

ಭಾರತದಲ್ಲಿ ಇಂಥ ಮೊದಲ ಕಾಯಿದೆ ಬಂದದ್ದು 1856ರಲ್ಲಿ. ಮೊದಲ ಹಕ್ಕು ಪಡೆದ ಯಂತ್ರ ಯಾವುದೆಂದು ಊಹಿಸಬಲ್ಲಿರಾ? ರೈಲೂ ಅಲ್ಲ, ತೋಪೂ ಅಲ್ಲ. ಪಂಖಾ ಎಳೆಯುವ ಯಂತ್ರ! ಕಲಕತ್ತೆಯ ಜಾರ್ಜ್ ಆಲ್‌ಫ್ರೆಡ್ ಡಿ ಪೆನಿಂಗ್ ಎಂಬಾತ ಅದನ್ನು ಸಲ್ಲಿಸಿದವನು. ದೊರೆಗಳ ಕಚೇರಿಗಳಲ್ಲಿ ಹಗಲಿಡೀ ಹಗ್ಗ ಜಗ್ಗುತ್ತ ಕೂಡುತ್ತಿದ್ದ ಆಳನ್ನು ನೆನೆದರೆ, ಈ ಯಂತ್ರ ಏಕೆ ಬೇಕಾಯಿತೆಂದು ತಿಳಿಯುತ್ತದೆ. ಇನ್ನೊಂದು ಸ್ವಾರಸ್ಯವುಂಟು. ಆ ಕಾಯಿದೆಗೆ ಇಂಗ್ಲೆಂಡಿನ ರಾಣಿಯ ಮುಂಗಡ ಒಪ್ಪಿಗೆಯನ್ನೇ ಪಡೆದಿರಲಿಲ್ಲವಾದ್ದರಿಂದ ಮರುವರ್ಷವೇ ಅದು ರದ್ದಾಯಿತು. 1859ರಲ್ಲಿ ಮತ್ತೆ ಹೊಸದಾಗಿ ಬಂತು. ಕಂಡುಹಿಡಿದವರಿಗೆ ಒಪ್ಪಿಗೆ ಕೊಡುವ ಕಾಯಿದೆಗೇ ಒಪ್ಪಿಗೆ ಇರಲಿಲ್ಲವೆಂದ ಮೇಲೆ ಏನು ಹೇಳೋಣ!

ಸ್ವಾತಂತ್ರ್ಯ ಬಂದ ಮೇಲೆ ನ್ಯಾಯಮೂರ್ತಿ ರಾಜಗೋಪಾಲ ಅಯ್ಯಂಗಾರರು 1959ರಲ್ಲಿ ಸಲ್ಲಿಸಿದ ವರದಿಯನ್ನು ಆಧರಿಸಿ 1970ರ ಕಾಯಿದೆ ರೂಪುಗೊಂಡಿತು. ಬಡವರಿಗೆ ಔಷಧಿ ಅಗ್ಗವಾಗಿ ಸಿಗಲೆಂದು, ಔಷಧಿಯ ಮೇಲೆ ಅಲ್ಲ, ಅದನ್ನು ಮಾಡುವ ಕ್ರಮದ ಮೇಲೆ ಮಾತ್ರ ಹಕ್ಕು ಎಂದು ಅದು ಗೊತ್ತುಮಾಡಿತು. 2005ರಲ್ಲಿ ಅದು ಬದಲಾಯಿತು. ಈಗ ಪೇಟೆಂಟಿನ ಅವಧಿ ಅರ್ಜಿ ಹಾಕಿದ ದಿನದಿಂದ 20 ವರ್ಷ.

ಮೂರನೆಯ ದಾರಿ ಮಾರ್ಕಾ. ಕುದುರೆ ಮಾರ್ಕಾ, ಆನೆ ಮಾರ್ಕಾ ಎಂದು ನಮ್ಮ ಅಜ್ಜಿಯಂದಿರು ಅಕ್ಷರ ಬಾರದಿದ್ದರೂ ಚಿತ್ರ ನೋಡಿ ಸರಕು ತರುತ್ತಿದ್ದರು. ಇಂಗ್ಲೆಂಡಿನಲ್ಲಿ ನೋಂದಣಿ ಶುರುವಾದದ್ದು 1876ರ ಜನವರಿ 1ರಂದು. ಮೊದಲ ನಂಬರು ಬಾಸ್ ಎಂಬ ಬಿಯರ್ ಕಂಪನಿಯ ಕೆಂಪು ತ್ರಿಕೋನಕ್ಕೆ ಸಿಕ್ಕಿತು. ಅದಕ್ಕಾಗಿ ಕಂಪನಿಯ ನೌಕರನೊಬ್ಬ ಹಿಂದಿನ ರಾತ್ರಿಯೆಲ್ಲ ಕಚೇರಿಯ ಬಾಗಿಲಲ್ಲಿ ಕಾದಿದ್ದನೆಂದು ಹೇಳುತ್ತಾರೆ. ನಮ್ಮ ದೇಶದಲ್ಲಿ ಇದಕ್ಕೆ ಪ್ರತ್ಯೇಕ ಕಾಯಿದೆ 1940ರಲ್ಲಿ ಬಂತು. ಈಗ ನಡೆಯುತ್ತಿರುವುದು 1999ರ ಕಾಯಿದೆ.

ಮಾರ್ಕಾದ ಬಲವನ್ನು ತಿಳಿಯಲು ಕನ್ನಡಿಗರು ದೂರ ಹೋಗಬೇಕಾಗಿಲ್ಲ. ಮೊದಲನೆಯ ಮಹಾಯುದ್ಧ ಬಂದಾಗ ಮೈಸೂರಿನ ಗಂಧದ ಮರ ಯುರೋಪಿಗೆ ಹೋಗುವುದು ನಿಂತು, ರಾಶಿ ರಾಶಿಯಾಗಿ ಉಳಿಯಿತು. ಮರವನ್ನು ಮಾರುವುದಕ್ಕಿಂತ ಎಣ್ಣೆಯನ್ನು ನಾವೇ ತೆಗೆಯಬಾರದೇಕೆ ಎಂದು ನಾಲ್ವಡಿಯವರೂ ದಿವಾನ ವಿಶ್ವೇಶ್ವರಯ್ಯನವರೂ ಯೋಚಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಡ್‌ಬರೋ ಮತ್ತು ವಾಟ್ಸನ್ ಎಂಬ ಪ್ರಾಧ್ಯಾಪಕರು ಎಣ್ಣೆ ಭಟ್ಟಿ ಇಳಿಸುವ ಕ್ರಮವನ್ನು ಸಿದ್ಧಗೊಳಿಸಿದರು. 1916ರಲ್ಲಿ ಗಂಧದೆಣ್ಣೆಯ ಕಾರ್ಖಾನೆ, 1918ರಲ್ಲಿ ಸಾಬೂನಿನ ಕಾರ್ಖಾನೆ ಬಂದುವು. ಸೋಸಲೆ ಗರಳಪುರಿ ಶಾಸ್ತ್ರಿಗಳು ಇಂಗ್ಲೆಂಡಿಗೆ ಹೋಗಿ ವಿದ್ಯೆ ಕಲಿತು ಬಂದು ಸಾಬೂನಿಗೆ ರೂಪ ಕೊಟ್ಟರು. ಅದರ ಮೇಲೆ ಆನೆಯ ತಲೆ, ಸಿಂಹದ ಮೈಯುಳ್ಳ ಶರಭದ ಮುದ್ರೆ ಬಿತ್ತು. ಸಾಬೂನು ಮಾಡುವ ವಿದ್ಯೆ ಲೋಕಕ್ಕೆಲ್ಲ ಗೊತ್ತು. ಶರಭ ಮಾತ್ರ ಒಂದೇ ಮನೆಯದು. ಪೇಟೆಂಟಾದರೆ 20 ವರ್ಷಕ್ಕೆ ಮುಗಿಯಿತು. ಮಾರ್ಕಾವನ್ನು 10 ವರ್ಷಕ್ಕೊಮ್ಮೆ ನವೀಕರಿಸಿದರೆ ಅದಕ್ಕೆ ಮುಪ್ಪಿಲ್ಲ.

ಇನ್ನು ಒಬ್ಬನ ಬುದ್ಧಿಯಿಂದಲ್ಲದೆ ಒಂದು ಊರಿನ ಕೈಯಿಂದ ಬೆಳೆದ ವಿದ್ಯೆಯ ಗತಿಯೇನು? ಛತ್ರಪತಿ ಸಂಭಾಜಿನಗರದ ಶಾಖೆಯಲ್ಲಿ ಕೆಲವು ಕಾಲ ಕೆಲಸ ಮಾಡುತ್ತಿದ್ದಾಗ ಈ ಪ್ರಶ್ನೆ ನನ್ನನ್ನು ಕಾಡಿತ್ತು. ಆ ಜಿಲ್ಲೆಯ ಪೈಠಣದಲ್ಲಿಯೂ ನಮ್ಮ ನಾಸಿಕ ಜಿಲ್ಲೆಯ ಯೇವಲೆಯಲ್ಲಿಯೂ ಪೈಠಣಿ ಸೀರೆ ನೇಯುತ್ತಾರೆ. ಕೈಮಗ್ಗದ ಒಳ್ಳೆಯ ಪೈಠಣಿಯ ಸೆರಗಿನ ನವಿಲು ಒಳಗೂ ಹೊರಗೂ ಒಂದೇ ತೆರನಾಗಿ ಕಾಣುತ್ತದೆ. ಅತ್ತ ನಮ್ಮ ಬೀದರಿನಲ್ಲಿ ಸತುವು ತಾಮ್ರ ಬೆರೆಸಿ ಎರಕ ಹೊಯ್ದು, ಕೆತ್ತಿದ ಗೆರೆಯಲ್ಲಿ ಬೆಳ್ಳಿ ಕೂಡಿಸಿ, ಹಳೆಯ ಕೋಟೆಯ ಮಣ್ಣನ್ನು ನವಸಾಗರದೊಡನೆ ಕುದಿಸಿ ಅದರಿಂದ ಕಪ್ಪೇರಿಸುತ್ತಾರೆ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳಗುತ್ತದೆ. ಬೀದರೂ ಅಂದಿನ ಔರಂಗಾಬಾದೂ 1956ರ ನವೆಂಬರ್ 1ರವರೆಗೆ ಒಂದೇ ಹೈದರಾಬಾದು ರಾಜ್ಯದಲ್ಲಿದ್ದ ಊರುಗಳು. ನಾವು ಇಂದು ಹಬ್ಬ ಮಾಡುವ ಅದೇ ದಿನ ಒಂದು ಮೈಸೂರಿಗೆ, ಇನ್ನೊಂದು ಮುಂಬಯಿ ರಾಜ್ಯಕ್ಕೆ ಸೇರಿದುವು.

ಇಂಥ ಹಳೆಯ ವಿದ್ಯೆಗೆ ಪೇಟೆಂಟು ಸಿಗದು. ಪೇಟೆಂಟು ಹೊಸದಕ್ಕೆ ಮಾತ್ರ. ಅದಕ್ಕಾಗಿ 1999ರಲ್ಲಿ ಭೌಗೋಳಿಕ ಗುರುತಿನ ಕಾಯಿದೆ ಮಾಡಿದರು; 2003ರ ಸೆಪ್ಟೆಂಬರಿನಿಂದ ಅದು ಜಾರಿಯಲ್ಲಿದೆ. ಪೈಠಣಿ, ಬಿದರಿ, ಮೈಸೂರು ರೇಷ್ಮೆ, ಇಳಕಲ್ ಸೀರೆ, ನಮ್ಮ ನಾಸಿಕದ ದ್ರಾಕ್ಷಿ ಎಲ್ಲವೂ ಅದರಡಿ ದಾಖಲಾಗಿವೆ. ಇಲ್ಲಿ ಹೆಸರಿನ ಒಡೆಯ ಒಬ್ಬನಲ್ಲ, ಊರು. ಆದರೂ ಯಂತ್ರಮಗ್ಗದ ಬಟ್ಟೆಯನ್ನು ಪೈಠಣಿಯೆಂದು ಮಾರುವವರು ಇದ್ದೇ ಇದ್ದಾರೆ. ದಾಖಲೆ ಕಾಗದದಲ್ಲಿದ್ದರೆ ಸಾಲದು, ಕೊಳ್ಳುವವರು ಸೆರಗನ್ನು ತಿರುಗಿಸಿ ನೋಡಬೇಕು.

ಇಷ್ಟೆಲ್ಲ ಬರೆಯಲು ಪ್ರೇರಣೆ ಕೊಟ್ಟ ಸಂಗತಿಯನ್ನು ಕಡೆಯಲ್ಲಿ ಹೇಳುತ್ತೇನೆ. ನಮ್ಮ ಬಳಗದ ಒಬ್ಬ ತಾಯಿ, ಧಾರವಾಡದ ಕಡೆಯವರು, ನಾಸಿಕ ರೋಡಿನಲ್ಲಿ ಶೇಂಗಾ ಹಿಂಡಿ, ಅಗಸಿ ಹಿಂಡಿ, ಕಟಕ ರೊಟ್ಟಿ ಮಾಡಿ ಮಾರುತ್ತಾರೆ. ಪೊಟ್ಟಣದ ಮೇಲೆ ತಮ್ಮ ಅತ್ತೆಯವರ ಹೆಸರು ಹಾಕಿದ್ದಾರೆ. ಒಂದು ದಿನ ವಕೀಲರ ನೋಟೀಸು ಹಿಡಿದುಕೊಂಡು ಬ್ಯಾಂಕಿಗೆ ಬಂದರು. ಬೇರೆ ಊರಿನ ವ್ಯಾಪಾರಿಯೊಬ್ಬರು ಅದೇ ಹೆಸರನ್ನು ನೋಂದಾಯಿಸಿ, ಇವರು ಅದನ್ನು ಬಿಡಬೇಕೆಂದು ಬರೆಸಿದ್ದರು. "ಅಣ್ಣಾ, ಹೆಸರು ನಮ್ಮ ಅತ್ತಿಯವರದು, ಕಾಗದ ಅವರದು ಅಂತಾರಲ್ಲ, ಇದ್ಯಾವ ನ್ಯಾಯ?" ಎಂದು ಕಣ್ಣೀರು ತಂದರು.

ನಾನು ವಕೀಲನಲ್ಲ. ಆದರೆ ಕಾಯಿದೆಯಲ್ಲಿ ಒಂದು ಮಾತಿದೆ. ನೋಂದಾಯಿಸಿದವನು ಆ ಹೆಸರನ್ನು ಬಳಸತೊಡಗಿದ ದಿನ, ನೋಂದಣಿಯ ದಿನ, ಇವೆರಡಕ್ಕೂ ಮೊದಲಿನಿಂದ ಎಡೆಬಿಡದೆ ಅದೇ ಹೆಸರಿನಲ್ಲಿ ಮಾರುತ್ತ ಬಂದವರನ್ನು ಅವನು ತಡೆಯಲಾರ. ಮೊದಲಿನಿಂದ ಬಳಸಿದ್ದೇವೆಂದು ತೋರಿಸಬೇಕಷ್ಟೆ. ಆ ತಾಯಿ ಮೊದಲ ವರ್ಷಗಳ ರಶೀತಿಗಳನ್ನೆಲ್ಲ ಒಲೆಗೆ ಹಾಕಿದ್ದರು! ನಾವಿಬ್ಬರೂ ಕೂಡಿ ಹಳೆಯ ಖಾತೆಯ ಪುಟ ತೆಗೆಸಿದೆವು. ಪೊಟ್ಟಣದ ಚೀಟಿ ಅಚ್ಚು ಹಾಕಿಸಿದ ಮುದ್ರಣಾಲಯಕ್ಕೆ ಕೊಟ್ಟ ಚೆಕ್ಕು ಅದರಲ್ಲಿ ಕಂಡಿತು. ಆ ವ್ಯಾಪಾರಿಯ ಅರ್ಜಿಗಿಂತ ಎರಡು ವರ್ಷ ಮುಂಚಿನದು. ಮುದ್ರಣಾಲಯದವರು ಹಳೆಯ ಬಿಲ್ಲಿನ ಪ್ರತಿಯನ್ನೂ ಹುಡುಕಿಕೊಟ್ಟರು. ವ್ಯಾಜ್ಯ ಇನ್ನೂ ತೀರಿಲ್ಲ. ಆದರೆ ಪೊಟ್ಟಣದ ಮೇಲೆ ಅತ್ತೆಯವರ ಹೆಸರು ಇಂದಿಗೂ ಇದೆ.

ಪರಸ್ಥಳದಲ್ಲಿ ದುಡಿಯುವ ನಮ್ಮ ಬಂಧುಗಳಲ್ಲಿ ಖಾನಾವಳಿ ನಡೆಸುವವರು, ಉಪ್ಪಿನಕಾಯಿ ಹಾಕುವವರು, ಸಣ್ಣ ಯಂತ್ರಶಾಲೆ ಇಟ್ಟವರು ಬಹಳ ಮಂದಿ ಇದ್ದಾರೆ. ಅವರಲ್ಲಿ ನನ್ನ ಬಿನ್ನಹ ಇಷ್ಟೇ. ಹೊಸ ಯುಕ್ತಿಯೇನಾದರೂ ಹೊಳೆದಿದ್ದರೆ ನಾಲ್ಕು ಜನರಿಗೆ ತೋರಿಸುವುದಕ್ಕೆ ಮೊದಲು ಪೇಟೆಂಟಿನ ಅರ್ಜಿ ಹಾಕಿರಿ; ಬಹಿರಂಗವಾದ ಯುಕ್ತಿ ಕಾಯಿದೆಯ ಕಣ್ಣಿಗೆ ಹೊಸದಲ್ಲ. ಸರಕಿಗೆ ಹೆಸರಿಟ್ಟಿದ್ದರೆ ಅದನ್ನು ನೋಂದಾಯಿಸಿರಿ. ಒಂದು ಮದುವೆಯ ಉಡುಗೊರೆಗೆ ಆಗುವಷ್ಟು ಖರ್ಚೂ ಆಗದು. ಅಲ್ಲಿಯವರೆಗೆ ಮೊದಲ ರಶೀತಿಯನ್ನು ಮಗುವಿನ ಜಾತಕದಂತೆ ಜೋಪಾನ ಮಾಡಿರಿ. ಬೆರಳಿಗೆ ಹಚ್ಚಿದ ಮಸಿ ಉಗುರು ಬೆಳೆದಂತೆ ಹೋಗುತ್ತದೆ. ದುಡಿದು ಗಳಿಸಿದ ಹೆಸರು ಹಾಗೆ ಹೋಗಬಾರದು.