ಗುಹಾಸುರ ಮುಖ ನೋಡಲಿಲ್ಲ

ಮಾತನ್ನು ಅಕ್ಷರಕ್ಕೆ ಅಕ್ಷರ ಹಿಡಿದು ಕೆಟ್ಟವರ ಪಟ್ಟಿ ಬರೆದರೆ ಮೊದಲ ಹೆಸರು ನಮ್ಮ ಸೀಮೆಯವನದೇ: ಗುಹಾಸುರ. ಕನ್ನಡ ಮೇಷ್ಟರಾಗಿದ್ದ ನನಗೆ ಈ ದೈತ್ಯನ ಮೇಲೆ ಒಂಥರಾ ಮಮತೆ. ಹೊಗಳುವ ನೆಪದಲ್ಲಿ ಬೈಯುವ ವ್ಯಾಜಸ್ತುತಿಯ ಪಾಠ ಮಾಡುವಾಗಲೆಲ್ಲ ಕೊನೇ ಬೆಂಚಿನಲ್ಲಿ ಅವನ ವಂಶದವನೊಬ್ಬ ಇದ್ದೇ ಇರುತ್ತಿದ್ದ. “ಕವಿ ಹೊಗಳ್ಯಾನಲ್ರೀ ಸಾರ್, ಬೈದಾನೆ ಅಂತ ಯಾಕಂತೀರಿ?”

ದಾವಣಗೆರೆ ಪಕ್ಕದ ಹರಿಹರದ ಸ್ಥಳಪುರಾಣ ಹೇಳುವುದು ಹೀಗೆ. ಗುಹ ತಪಸ್ಸು ಮಾಡಿ ಬ್ರಹ್ಮನಿಂದ ವರ ಪಡೆದ: ಹರಿಯಿಂದ ಸಾವು ಬರಬಾರದು, ಹರನಿಂದಲೂ ಬರಬಾರದು. ಪೂರ್ವಕ್ಕೆ ಉಚ್ಚಂಗಿದುರ್ಗ, ಉತ್ತರಕ್ಕೆ ಐರಣಿಯವರೆಗೆ ಆಳಿದ, ಕಂಡವರನ್ನೆಲ್ಲ ಕಾಡಿದ. ದೇವರುಗಳು ವರವನ್ನು ಮುರಿಯಲಿಲ್ಲ. ಅವನಷ್ಟೇ ಕಟ್ಟುನಿಟ್ಟಾಗಿ ಓದಿಕೊಂಡರು. ಇಬ್ಬರೂ ಒಂದೇ ಮೈಯಾಗಿ ಬಂದರು. ಬಂದವನು ಬರೀ ಹರಿಯಲ್ಲ, ಬರೀ ಹರನೂ ಅಲ್ಲ. ಕರಾರಿನಲ್ಲಿ ಅಂಥವನ ಹೆಸರೇ ಇರಲಿಲ್ಲ. ಸಾಯುವಾಗಲೂ ಗುಹನಿಗೆ ಬುದ್ಧಿ ಬರಲಿಲ್ಲ, ಈ ಜಾಗಕ್ಕೆ ನನ್ನ ಹೆಸರಿರಲಿ ಎಂದ. ಆಗಲಿ ಎಂದರು. ಗುಹಾರಣ್ಯ ಕ್ಷೇತ್ರವೆಂಬ ಹೆಸರು ಪುರಾಣದೊಳಗೆ ಉಳಿಯಿತು. ಬಸ್ಸಿನ ಬೋರ್ಡಿನ ಮೇಲೆ ಬಂದದ್ದು ಕೊಂದವನ ಹೆಸರು.

ಹರಿದ್ರಾ ಹೊಳೆ ತುಂಗಭದ್ರೆಗೆ ಸೇರುವ ಈ ಊರು ಹಿಂದೆ ಕೂಡಲೂರು. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ 1224ರಲ್ಲಿ ಇಲ್ಲಿ ಗುಡಿ ಕಟ್ಟಿಸಿದ. 1268ರಲ್ಲಿ ಸೋಮ ದಂಡನಾಯಕ ಅದನ್ನು ಬೆಳೆಸಿದ. ವಿಗ್ರಹದ ಬಲಭಾಗ ಶಿವ, ಎಡಭಾಗ ವಿಷ್ಣು. ಇಲ್ಲಿನ ಶಾಸನವೊಂದು ಅದರ ಉದ್ದೇಶವನ್ನು ಬಿಡಿಸಿ ಹೇಳುತ್ತದೆ: ಹರಿಯ ಹೊರತು ದೇವರಿಲ್ಲವೆಂದು ಕೆಲವರು, ಹರನ ಹೊರತು ಇಲ್ಲವೆಂದು ಕೆಲವರು ಅನ್ನುತ್ತಿದ್ದಾಗ, ಜನರ ಸಂಶಯ ಕಳೆಯಲು ಈ ಒಂದೇ ರೂಪ ಮೈದೋರಿತಂತೆ.

ಕಲ್ಲಿನಲ್ಲಿ ಕೊರೆದರೂ ಕೆಲವರಿಗೆ ತಿಳಿಯುವುದಿಲ್ಲ. ಘಂಟಾಕರ್ಣನ ಕತೆ ಕೇಳಿರಬಹುದು. ಶಿವನಲ್ಲದೆ ಬೇರೆ ದೇವರನ್ನು ಒಪ್ಪದ ಅವನಿಗೆ ಬುದ್ಧಿ ಬರಲೆಂದು ಸ್ವಾಮಿ ಹರಿಹರನಾಗಿ ಕಾಣಿಸಿಕೊಂಡ. ಭಕ್ತ ಮಾಡಿದ್ದೇನು? ಧೂಪ ಹಾಕುವಾಗ ಹೊಗೆ ವಿಷ್ಣುವಿಗೆ ಹೋಗದಂತೆ ಆ ಕಡೆಯ ಮೂಗಿನ ಹೊಳ್ಳೆ ಮುಚ್ಚಿದ! ಆಮೇಲೆ ಹರಿನಾಮ ಕಿವಿಗೆ ಬೀಳಬಾರದೆಂದು ಗಂಟೆ ಕಟ್ಟಿಕೊಂಡ.

ಹೇಳಿದ್ದರ ಒಳಗುಟ್ಟು ತಿಳಿಯದ ಈ ಕಾಯಿಲೆ ನಮ್ಮ ದಾವಣಗೆರೆಯವರಿಗೆ ಕಡಿಮೆ ಎನ್ನುವುದು ನನ್ನ ವಾದ. ಅದಕ್ಕೆ ಮದ್ದು ಕಂಪನಿ ನಾಟಕ. ನಾಟಕ ಕಂಪನಿ ನಡೆಸಿದ ಚಿಂದೋಡಿ ವೀರಪ್ಪನವರ ಊರಿದು. ಅವರ ಮಗಳು ಲೀಲಾ ಅದೇ ರಂಗದಲ್ಲಿ ಬೆಳೆದು 1988ರಲ್ಲಿ ಪದ್ಮಶ್ರೀ ಪಡೆದರು. ಇಂಥ ನಾಟಕಗಳಲ್ಲಿ ಹಾಸ್ಯದವನು ಸಾಹುಕಾರನ ಮುಂದೆ ಕೈಕಟ್ಟಿ ನಿಂತು, “ನಿಮ್ಮಂಥ ಧರ್ಮಾತ್ಮರು ಇರೋದಕ್ಕ ಊರಾಗೆ ಮಳಿ ಬರ್ತೈತಿ ಧಣಿ” ಅಂದರೆ ನೆಲದ ಮೇಲೆ ಕೂತ ಹುಡುಗರೂ ಕೇಕೆ ಹಾಕುತ್ತಾರೆ. ಮೀಸೆ ತಿರುವುವವನು ಸಾಹುಕಾರ ಒಬ್ಬನೇ. ಮಾತು ಕೇಳುವಾಗ ಆಡಿದವನ ಮುಖವನ್ನೂ ನೋಡಬೇಕೆಂಬ ಪಾಠವನ್ನು ನನ್ನ ತರಗತಿಯಲ್ಲಿ ಕಲಿತವರಿಗಿಂತ ನಾಟಕದ ಟೆಂಟಿನಲ್ಲಿ ಕಲಿತವರೇ ಹೆಚ್ಚು.

ಗುಹಾಸುರ ವರ ಕೇಳಿಸಿಕೊಂಡ, ಕೊಟ್ಟವನ ಮುಖ ನೋಡಲಿಲ್ಲ. ಬ್ರಹ್ಮನಿಗಿದ್ದ ನಾಲ್ಕರಲ್ಲಿ ಒಂದಾದರೂ ನಗುತ್ತಿತ್ತೇನೋ.